ಜೇಬಿನಲ್ಲಿ ಸಿಕ್ಕ ಮೂರು ಸಾವಿರ

ಪ್ಯಾಂಟಿನ ಹಿಂಜೇಬಿನಿಂದ ಮೂರು ಸಾವಿರ ರೂಪಾಯಿ ಹೊರಬಂದಾಗ ಇಸ್ತ್ರಿಯವ ಗರಿಗರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಇನ್ನೊಮ್ಮೆ ಎಣಿಸಿದ. ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ಕೆಳಗೆ ಮೇಜು ಹಾಕಿಕೊಂಡಿದ್ದ ಅವನಿಗೆ 'ಗರಿಗರಿ' ಎಂದು ಹೆಸರಿಟ್ಟವರು ಅಲ್ಲಿನ ನಿವಾಸಿಗಳೇ. ಪ್ಯಾಂಟು ಯಾರದೆಂದು ಕೇಳಬೇಕಾಗಿರಲಿಲ್ಲ. ಎರಡನೇ ಮಹಡಿಯ ಸಾಹೇಬರ ಬೂದುಬಣ್ಣದ ಪ್ಯಾಂಟು. ನಾಲ್ಕು ವರ್ಷದಿಂದ ಅದರ ಒಂದೊಂದು ಗೆರೆಯನ್ನೂ ಎಳೆದವನು ಅವನೇ.

ಮಗಳ ಪರೀಕ್ಷೆಯ ಶುಲ್ಕ ಕಟ್ಟಲು ಅಂದು ಸಂಜೆಯೇ ಕೊನೆ. "ದುಡ್ಡು ನಾನು ಹೊಂದಿಸ್ತೀನಿ, ನೀವು ತಲೆ ಕೆಡಿಸ್ಕೋಬೇಡಿ" ಎಂದಿದ್ದಳು ಹೆಂಡತಿ. ಅಂದ ಮಾತ್ರಕ್ಕೆ ದುಡ್ಡು ಉದುರುತ್ತದೆಯೇ? ಮನಸ್ಸು ಒಂದು ಗಳಿಗೆ ಜಾರಿತು. ಆದರೆ ಗರಿಗರಿಗೆ ಪ್ರಾಮಾಣಿಕತೆಯೆಂಬ ಹಳೇ ಕಾಯಿಲೆಯಿತ್ತು. ಮೆಟ್ಟಿಲು ಹತ್ತಿ ಮೇಡಂ ಕೈಗೆ ನೋಟುಗಳನ್ನಿಟ್ಟ.

"ಸಾಹೇಬ್ರ ಪ್ಯಾಂಟಲ್ಲಿ ಸಿಕ್ತಮ್ಮಾ."

"ನನ್ನ ಮುಂದೆ ಕೈ ಖಾಲಿ ಅಂತಿದ್ರಲ್ಲ!" ಮೇಡಂ ಒಳಗಿದ್ದ ಗಂಡನತ್ತ ತಿರುಗಿದರು.

ಸಾಹೇಬರು ಪ್ಯಾಂಟು ಯಾವುದೆಂದು ಕೇಳಲಿಲ್ಲ, ನೋಟು ಎಷ್ಟೆಂದೂ ನೋಡಲಿಲ್ಲ. ಹೆಂಡತಿಯ ಮುಖವೊಂದನ್ನೇ ನೋಡಿ, "ತಪ್ಪಾಯ್ತು ಕಣೇ, ಇನ್ಮೇಲೆ ಬಚ್ಚಿಡಲ್ಲ" ಎಂದು ಒಪ್ಪಿಕೊಂಡುಬಿಟ್ಟರು.

ಸುದ್ದಿ ಮಹಡಿಯಿಂದ ಮಹಡಿಗೆ ಹಬ್ಬಿತು. ಮೂರನೇ ಮಹಡಿಯ ಟೀಚರು ಇಳಿದು ಬಂದು, "ಇಂಥೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರಪ್ಪಾ!" ಎಂದು ಹೊಗಳಿದರು. ವಾಪಸು ಹತ್ತುತ್ತಿದ್ದವರು ಅರ್ಧ ಮೆಟ್ಟಿಲಲ್ಲೇ ನಿಂತರು.

"ಅಲ್ಲಾ, ಇಷ್ಟು ವರ್ಷದಲ್ಲಿ ನಮ್ಮನೆ ಜೇಬಲ್ಲಿ ಒಂದ್ಸಲನೂ ಏನೂ ಸಿಗಲಿಲ್ವಾ?"

"ಇಲ್ಲಮ್ಮಾ. ಸಿಕ್ಕಿದ್ರೆ ಕೊಡ್ತಿರ್ಲಿಲ್ವಾ?"

"ಅವರದ್ದು ಕೊಟ್ಟೆ. ನಮ್ಮದ್ದು?"

ಮಧ್ಯಾಹ್ನದೊಳಗೆ ಐದು ಮನೆಯವರಿಗೆ ಎಂದೋ ಕಳೆದ ಹಣ ನೆನಪಾಯಿತು. ನಾಲ್ಕನೇ ಮಹಡಿಯ ವಕೀಲರಿಗಂತೂ ಹಣ ಕಳೆದುಹೋದ ದಿನ, ತಿಂಗಳು, ನೋಟಿನ ಮಡಿಕೆ ಸಹಿತ ನೆನಪಿತ್ತು. ಇತ್ತ ಗಂಡಸರು ಒಬ್ಬೊಬ್ಬರೇ ಬಂದು, ಮೊದಲು ಜೇಬು ತಡಕಿ, ಮುದುರಿದ ಪ್ಯಾಂಟುಗಳನ್ನು ಮುದುರಿದಂತೆಯೇ ಎತ್ತಿಕೊಂಡು ಹೋದರು. ಮೇಜಿನ ಮೇಲೆ ಆ ಬೂದುಬಣ್ಣದ ಪ್ಯಾಂಟೊಂದೇ ಉಳಿಯಿತು. ಕದ್ದಿದ್ದರೂ ಇಷ್ಟು ಮರ್ಯಾದೆ ಹೋಗುತ್ತಿರಲಿಲ್ಲವಲ್ಲ ಎಂದು ಗರಿಗರಿಗೆ ಅಳುವೇ ಬಂತು.

ಅಷ್ಟರಲ್ಲಿ ಹೆಂಡತಿ ಬಂದಳು.

"ಇನ್ನೂ ಹೊರಟಿಲ್ವಾ? ಬೇಗ ಪ್ಯಾಂಟು ಹಾಕ್ಕೊಂಡು ಸ್ಕೂಲಿಗೆ ಹೋಗ್ರೀ. ಶುಲ್ಕದ ದುಡ್ಡು ಅದ್ರ ಜೇಬಲ್ಲೇ ಇಟ್ಟಿದೀನಿ."

"ಯಾವ ಪ್ಯಾಂಟು?"

"ಅದೇ ಬೂದುಬಣ್ಣದ್ದು. ಸಾಹೇಬ್ರಿಗೆ ಬಿಗಿ ಆಯ್ತಂತೆ, ನಿಮಗಿರ್ಲಿ ಅಂತ ಮೇಡಂ ಮೊನ್ನೆ ಕೊಟ್ರು. ಇಸ್ತ್ರಿ ಮಾಡಿ ಹಾಕ್ಕೊಳ್ಲಿ ಅಂತ ಬೆಳಿಗ್ಗೆ ನಾನೇ ನಿಮ್ಮ ಬಟ್ಟೆ ಗಂಟಿಗೆ ಸೇರಿಸ್ದೆ. ಓಲೆ ಅಡ ಇಟ್ಟು ತಂದ ದುಡ್ಡು, ಜೋಪಾನ!"

ಗರಿಗರಿ ಆ ಪ್ಯಾಂಟು ಹಿಡಿದು ಎರಡೆರಡು ಮೆಟ್ಟಿಲು ಹಾರಿದ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದ. ಮೇಡಂ ಪ್ಯಾಂಟನ್ನು ತಿರುಗಿಸಿ ನೋಡಿದರು.

"ಹೌದು, ನಾನೇ ಕೊಟ್ಟಿದ್ದು."

ಅವನಿಗೆ ಹೋದ ಜೀವ ಬಂತು.

"ಪ್ಯಾಂಟು ಕೊಟ್ಟೆ. ಜೇಬಲ್ಲಿರೋ ದುಡ್ಡೂ ತಗೋ ಅಂದೆನಾ?"

"ಅಯ್ಯೋ, ಅದು ನಮ್ಮದಮ್ಮಾ! ಬೇಕಾದ್ರೆ ಸಾಹೇಬ್ರನ್ನೇ ಕೇಳಿ."

ಸಾಹೇಬರು ಇಕ್ಕಟ್ಟಿಗೆ ಸಿಕ್ಕಿದರು. ತಮ್ಮದಲ್ಲ ಎಂದರೆ, ಬೆಳಿಗ್ಗೆ ಒಪ್ಪಿಕೊಂಡದ್ದು ಯಾವ ದುಡ್ಡೆಂಬ ಪ್ರಶ್ನೆ ಏಳುತ್ತಿತ್ತು. ಆ ದುಡ್ಡು ಅವರ ಹಳೇ ಬೂಟಿನೊಳಗೆ ಸುಖವಾಗಿ ಮಲಗಿತ್ತು.

"ನಂದೇ" ಎಂದರು, ಸೂರು ನೋಡುತ್ತ.

"ಕೇಳಿದ್ಯಲ್ಲಪ್ಪಾ?" ಮೇಡಂ ಬಾಗಿಲಿಗೆ ಕೈ ಹಾಕಿದರು. "ಅಷ್ಟಕ್ಕೂ ನಿನ್ನ ದುಡ್ಡೇ ಆಗಿದ್ರೆ, ಮೆಟ್ಟಿಲು ಹತ್ಕೊಂಡು ಬಂದು ನಮಗೆ ಕೊಡೋಕೆ ನಿನಗೇನು ಹುಚ್ಚಾ?"