ಮಧ್ಯಾಹ್ನ ಒಂದೂವರೆಯ ಐಚ್ಛಿಕ

ಆಯ್ಕೆ ಮಾಡುವುದೆಂದರೆ ನನಗೆ ಮೊದಲಿನಿಂದಲೂ ದಣಿವು. ಹೋಟೆಲಿನಲ್ಲಿ ತಿಂಡಿಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ, ಮಾಣಿ ಎರಡು ಸಲ ಬಂದುಹೋದ ಮೇಲೆ ಇಡ್ಲಿ ಹೇಳುವವನು ನಾನು. ಪುಣೆಯ ಲಕ್ಷ್ಮೀ ರೋಡಿನ ಸೀರೆ ಅಂಗಡಿಯಲ್ಲಿ ಹೆಂಡತಿ ಎರಡು ಸೀರೆ ಹಿಡಿದು ಯಾವುದು ಚಲೋ ಎಂದು ಕೇಳಿದಾಗ ಎರಡೂ ಚಲೋ ಎಂದು ಹೇಳಿ ಬೈಸಿಕೊಂಡಿದ್ದೇನೆ, ಒಂದನ್ನು ತೋರಿಸಿಯೂ ಬೈಸಿಕೊಂಡಿದ್ದೇನೆ. ನಾನು ಧಾರವಾಡದಲ್ಲಿ ಓದುವಾಗ ಈ ತಾಪತ್ರಯವಿರಲಿಲ್ಲ. ವಿಷಯಗಳು ಖಾನಾವಳಿಯ ತಾಟಿನಂತೆ ಒಟ್ಟಿಗೆ ಬರುತ್ತಿದ್ದವು. ಭೂಗೋಳ ಬೇಕೆಂದರೆ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಉಣ್ಣಬೇಕು. ಪಲ್ಯ ಬೇಡವೆಂದರೆ ಊಟವೇ ಇಲ್ಲ. ಹಾಗೆ ಉಂಡು ಬೆಳೆದವನು ಪುಣೆಗೆ ಬಂದು, ಇಲ್ಲಿನ ಹಳೆಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತ ಕೂದಲು ಬೆಳ್ಳಗಾಗಿಸಿಕೊಂಡು, ಇನ್ನೇನು ನೆಮ್ಮದಿಯಾಗಿ ನಿವೃತ್ತನಾಗಬೇಕು ಅನ್ನುವಷ್ಟರಲ್ಲಿ ಐಚ್ಛಿಕ ವಿಷಯಗಳ ಕಾಲ ಬಂತು.

ಐಚ್ಛಿಕವೆಂದರೆ ವಿದ್ಯಾರ್ಥಿ ತನ್ನ ಮುಖ್ಯ ವಿಷಯದ ಜೊತೆಗೆ ಬೇರೆ ವಿಭಾಗದಿಂದ ಒಂದನ್ನು ತಾನಾಗಿಯೇ ಆರಿಸಿಕೊಳ್ಳಬೇಕು. ಕಾಮರ್ಸಿನ ಹುಡುಗ ಕವಿತೆ ಓದಬಹುದು, ರಸಾಯನಶಾಸ್ತ್ರದ ಹುಡುಗಿ ತಬಲಾ ಕಲಿಯಬಹುದು. ಒಟ್ಟಿನಲ್ಲಿ ಆರಿಸಿಕೊಳ್ಳದೆ ಇರುವಂತಿಲ್ಲ, ಅದು ಕಡ್ಡಾಯ. ಸುಳ್ಳು ಯಾಕೆ ಹೇಳಲಿ, ಈ ಕಲ್ಪನೆ ನನಗೆ ಹಿಡಿಸಿತ್ತು. ಇದರ ಬಗ್ಗೆ ನಡೆದ ಸಭೆಯಲ್ಲಿ ಎದ್ದುನಿಂತು, ವಿದ್ಯಾರ್ಥಿ ತನಗೆ ನಿಜವಾಗಿ ಬೇಕಾದದ್ದನ್ನು ಆರಿಸಿಕೊಳ್ಳುವುದೇ ಉನ್ನತ ಶಿಕ್ಷಣದ ಅರ್ಥ ಎಂದು ಮಾತನಾಡಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಸಭೆಯಲ್ಲಿ ಮಾತನಾಡಿದವನ ಕೊರಳಿಗೇ ಕೆಲಸ ಬೀಳುತ್ತದೆ. ಭೂಗೋಳ ವಿಭಾಗದಿಂದ ನಾನೇ ಒಂದು ಐಚ್ಛಿಕ ಕೊಡಬೇಕೆಂದಾಯಿತು. ನಕಾಶೆ ಓದುವುದನ್ನು ಕಲಿಸುತ್ತೇನೆ ಎಂದೆ. ಫೋನಿನೊಳಗಿನ ಹೆಂಗಸು ಎಡಕ್ಕೆ ತಿರುಗು ಎಂದ ಕೂಡಲೇ ಎಡಕ್ಕೆ ತಿರುಗಿ ಯಾರದೋ ಕಾಂಪೌಂಡಿಗೆ ಗುದ್ದುವ ಈ ಪೀಳಿಗೆಗೆ, ನಾವು ನಿಂತಿರುವ ಜಾಗ ಯಾವುದು, ಹೊಳೆ ಯಾವ ಕಡೆಗೆ ಹರಿಯುತ್ತದೆ, ಗುಡ್ಡ ಎಲ್ಲಿ ಏರುತ್ತದೆ ಎಂಬುದು ತಿಳಿಯಲಿ ಎನ್ನುವುದು ನನ್ನ ಆಸೆ.

ಪ್ರಿನ್ಸಿಪಾಲರು ಒಪ್ಪಿದರು. ಆದರೆ ಹದಿನೈದು ಮಂದಿಯಾದರೂ ಸೇರದಿದ್ದರೆ ವಿಷಯವನ್ನು ಮುಚ್ಚುತ್ತೇವೆ ಎಂದರು. ಮುಚ್ಚಿದರೆ ನನಗೇನೂ ಆಗುವುದಿಲ್ಲ, ನನ್ನದು ಕಾಯಂ ನೌಕರಿ. ಪೆಟ್ಟು ಬೀಳುವುದು ಪಾಟೀಲ ಮೇಡಂ ಅವರಿಗೆ. ನಮ್ಮ ವಿಭಾಗದಲ್ಲಿ ಇರುವುದು ನಾವಿಬ್ಬರೇ. ಅವರು ತಾಸಿನ ಲೆಕ್ಕದ ಮೇಲೆ ಪಾಠ ಮಾಡುವವರು. ತರಗತಿ ಇದ್ದರೆ ಕೆಲಸ, ಇಲ್ಲವಾದರೆ ಮನೆ. ವಿಭಾಗದ ತಾಸುಗಳು ಕಡಿಮೆಯಾದರೆ ಅವರ ತಾಸುಗಳನ್ನು ತೆಗೆದು ನನಗೆ ಕೊಡುತ್ತಾರೆ. ಗೋಕಾಕದ ಕಡೆಯ ಹೆಣ್ಣುಮಗಳು, ಮಗರಪಟ್ಟಾದ ಆಚೆಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ, ಸ್ಟಾಫ್‌ರೂಮಿನಲ್ಲಿ ನನ್ನ ಜೊತೆ ಕನ್ನಡ ಮಾತನಾಡುವವರು ಅವರೊಬ್ಬರೇ. ಪ್ರತಿ ಜೂನಿನಲ್ಲಿ ತಮ್ಮ ಹೆಸರು ಟೈಮ್‌ಟೇಬಲ್ಲಿನಲ್ಲಿ ಇದೆಯೋ ಇಲ್ಲವೋ ಎಂದು ಬೋರ್ಡಿನ ಮುಂದೆ ನಿಂತು ಹುಡುಕುವುದನ್ನು ನಾನು ನೋಡಿದ್ದೇನೆ. ಈ ಸಲ ಆ ಹೆಸರು ಉಳಿಯುವುದು ನನ್ನ ನಕಾಶೆಯ ಕೈಯಲ್ಲಿತ್ತು.

ಐಚ್ಛಿಕಗಳನ್ನು ವಿದ್ಯಾರ್ಥಿಗಳಿಗೆ ಪರಿಚಯಿಸಲು ಕಾಲೇಜಿನ ಹಾಲಿನಲ್ಲಿ ಒಂದು ದಿನ ಇಟ್ಟಿದ್ದರು. ಅದನ್ನು ಪರಿಚಯ ಎಂದು ಕರೆದವರ ಧೈರ್ಯ ಮೆಚ್ಚಬೇಕು, ಅದು ಶುದ್ಧ ತರಕಾರಿ ಮಂಡಿ. ಒಬ್ಬೊಬ್ಬ ಪ್ರಾಧ್ಯಾಪಕರಿಗೆ ಒಂದೊಂದು ಟೇಬಲ್ಲು. ಸಸ್ಯಶಾಸ್ತ್ರದವರು ಬಂದವರಿಗೆಲ್ಲ ತುಳಸಿ ಸಸಿ ಹಂಚುತ್ತಿದ್ದರು. ಮನಃಶಾಸ್ತ್ರದವರು ಐದು ಪ್ರಶ್ನೆ ಕೇಳಿ ನಿಮ್ಮ ಸ್ವಭಾವ ಹೇಳುತ್ತಿದ್ದರು. ಶೇರು ಮಾರುಕಟ್ಟೆಯ ಟೇಬಲ್ಲಿನ ಸಾಲು ಬಾಗಿಲು ದಾಟಿ ಹೋಗಿತ್ತು. ನಾನು ಪುಣೆ ಜಿಲ್ಲೆಯ ದೊಡ್ಡ ನಕಾಶೆ ಹರಡಿಕೊಂಡು, ನಾಲ್ಕೂ ಮೂಲೆಗೆ ಕಲ್ಲು ಇಟ್ಟುಕೊಂಡು, ಬೋಣಿಯಾಗದ ವ್ಯಾಪಾರಿಯ ಹಾಗೆ ಕೂತಿದ್ದೆ. ಪಾಟೀಲ ಮೇಡಂ ಮಾತ್ರ ಹಾದುಹೋಗುವವರನ್ನೆಲ್ಲ ನಿಲ್ಲಿಸಿ, ನಿಮ್ಮ ಊರು ಯಾವುದು ಎಂದು ಕೇಳಿ, ನಕಾಶೆಯಲ್ಲಿ ಅದನ್ನು ಹುಡುಕಿ ತೋರಿಸುತ್ತಿದ್ದರು. ಹುಡುಗರು ತಮ್ಮ ಊರು ಕಂಡು ಹಿಗ್ಗಿ, ಅದರ ಫೋಟೋ ತೆಗೆದುಕೊಂಡು, ಶೇರು ಮಾರುಕಟ್ಟೆಯ ಸಾಲಿಗೆ ಹೋಗಿ ನಿಲ್ಲುತ್ತಿದ್ದರು. ಕೆಲವರು ನನ್ನನ್ನೂ ಮಾತನಾಡಿಸಿದರು. ನಕಾಶೆಯಲ್ಲಿ ಏನಿದೆ ಎಂದು ಒಬ್ಬರೂ ಕೇಳಲಿಲ್ಲ. ಹಾಜರಿ ಬಿಗಿಯೇ, ಕೋಣೆ ಎಷ್ಟನೇ ಮಹಡಿಯಲ್ಲಿದೆ, ಪರೀಕ್ಷೆಯಲ್ಲಿ ಬರೆಯುವುದೋ ಗುರುತು ಹಾಕುವುದೋ ಎಂದೆಲ್ಲ ವಿಚಾರಿಸಿ ಕೊನೆಗೆ ಎಲ್ಲರೂ ಬಂದು ನಿಲ್ಲುತ್ತಿದ್ದದ್ದು ಒಂದೇ ಪ್ರಶ್ನೆಗೆ: "ಸರ್, ಲೆಕ್ಚರ್ ಕಿತಿ ವಾಜತಾ?" ಎಷ್ಟು ಗಂಟೆಗೆ ಎಂದು. ಬೆಳಿಗ್ಗೆ ಏಳೂವರೆಗೆ ಎನ್ನುತ್ತಿದ್ದೆ. "ಬರಂ ಸರ್", ಸರಿ ಸರ್, ಎಂದು ಬಹಳ ಗೌರವದಿಂದ ತಲೆ ಬಾಗಿಸಿ, ಮರಳಿ ನೋಡದೆ ಹೋಗುತ್ತಿದ್ದರು.

ಈ ಏಳೂವರೆಯ ಹಿಂದೆ ಒಂದು ಕತೆಯಿದೆ. ಪುಣೆಗೆ ಬಂದವನಿಗೆ ಮರಾಠಿ ನಾಲಿಗೆಗೆ ಹತ್ತಲು ವರ್ಷಗಳೇ ಹಿಡಿದವು. ಆದರೆ ಇಲ್ಲಿಯ ಒಂದು ಪದ್ಧತಿಯನ್ನು ನಾನು ಬಂದ ವಾರದಲ್ಲೇ ಕಲಿತೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿ ಬಂದ್ ಎಂದು ಬೋರ್ಡು ಹಾಕಿ, ಎದುರಿಗೆ ಗಿರಾಕಿ ಕೈಯಲ್ಲಿ ಹಣ ಹಿಡಿದು ನಿಂತಿದ್ದರೂ ಬಾಗಿಲು ಎಳೆದುಕೊಂಡು ಹೋಗಿ ಮಲಗುವ ಪುಣೆಯ ಹಳೆಯ ವ್ಯಾಪಾರಿಯ ಬಗ್ಗೆ ಊರೆಲ್ಲ ನಗುತ್ತದೆ. ನನಗೆ ಮಾತ್ರ ಆತನನ್ನು ಕಂಡರೆ ಕೈ ಮುಗಿಯಬೇಕೆನಿಸುತ್ತದೆ. ನನ್ನ ಹೆಂಡತಿ ಖಡಕಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ನಮ್ಮ ಮನೆಯೂ ಖಡಕಿಯಲ್ಲಿಯೇ, ಆಕೆಗೆ ಸಿಕ್ಕ ಕ್ವಾರ್ಟರ್ಸು. ಮಧ್ಯಾಹ್ನ ಅಲ್ಲಿ ಎಲೆ ಬಿದ್ದರೂ ಕೇಳಿಸುವಷ್ಟು ಶಾಂತಿ. ಒಂದಕ್ಕೆ ಮನೆ ಸೇರಿ, ರೊಟ್ಟಿ ಉಂಡು, ಮೇಲೆ ಒಂದು ಬಟ್ಟಲು ಮಜ್ಜಿಗೆ ಕುಡಿದು, ಅಮ್ಮ ಹೊಲಿದ ಕೌದಿಯ ಮೇಲೆ ಅಡ್ಡಾದರೆ ನಾಲ್ಕರವರೆಗೆ ನನಗೆ ಯಾವ ಅಕ್ಷಾಂಶ ರೇಖಾಂಶವೂ ಇಲ್ಲ. ಕಾಲೇಜಿನ ಟೈಮ್‌ಟೇಬಲ್ ಸಮಿತಿಯಲ್ಲಿ ನಾನು ಇಷ್ಟು ವರ್ಷ ದುಡಿಯುತ್ತಿರುವುದನ್ನು ಜನ ನಿಸ್ವಾರ್ಥ ಸೇವೆ ಎಂದು ತಿಳಿದಿದ್ದಾರೆ. ಟೈಮ್‌ಟೇಬಲ್ಲಿನಲ್ಲಿ ನನ್ನ ಮಧ್ಯಾಹ್ನದ ಚೌಕಗಳು ಖಾಲಿ ಉಳಿಯುವಂತೆ ನೋಡಿಕೊಳ್ಳಲು ಬೇರೆ ದಾರಿಯಿರಲಿಲ್ಲ. ಐಚ್ಛಿಕಕ್ಕೆ ಬೆಳಿಗ್ಗೆ ಏಳೂವರೆ ಇಲ್ಲವೇ ಮಧ್ಯಾಹ್ನ ಒಂದೂವರೆ ಎಂದಾಗ ನಾನು ಏಳೂವರೆ ಹಿಡಿದದ್ದೂ ಇದಕ್ಕೇ.

ಮೊದಲ ಸುತ್ತಿನ ಆಯ್ಕೆ ಮುಗಿದಾಗ ನಕಾಶೆಗೆ ಬಂದವರು ನಾಲ್ಕು ಜನ. ಅವರಲ್ಲಿ ಒಬ್ಬಳು ತಪ್ಪಿ ಗುಂಡಿ ಒತ್ತಿದ್ದೇನೆಂದು ಅರ್ಜಿ ಕೊಟ್ಟಳು. ಎರಡನೆಯ ಸುತ್ತಿಗೆ ಒಂದು ವಾರ ಉಳಿದಿತ್ತು. ಸ್ಟಾಫ್‌ರೂಮಿನಲ್ಲಿ ಯಾರೂ ಇಲ್ಲದಾಗ ಪಾಟೀಲ ಮೇಡಂ ಕುರ್ಚಿ ಸರಿಸಿಕೊಂಡು ಕೂತರು.

"ಹುಡುಗ್ರಿಗೆ ಬ್ಯಾಡಾಗಿದ್ದು ನಕಾಶಿ ಅಲ್ರಿ ಸರ, ಮುಂಜಾನೆ ಏಳೂವರಿ. ಒಂದೂವರಿಗೆ ಇಟ್ಟು ನೋಡ್ರಿ, ಬರ್ತಾರ" ಎಂದರು.

ನಾನು ಮಧ್ಯಾಹ್ನದ ಬಿಸಿಲಿನ ಬಗ್ಗೆ ಹೇಳಿದೆ. ಉಂಡ ಹೊಟ್ಟೆಯಲ್ಲಿ ಬುದ್ಧಿ ಚುರುಕಿರುವುದಿಲ್ಲ ಎಂದು ಹೇಳಿದೆ. ಉಷ್ಣ ವಲಯದ ದೇಶಗಳಲ್ಲಿ ಜನ ದುಡಿಯುವ ಹೊತ್ತಿನ ಬಗ್ಗೆ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಎಲ್ಲವನ್ನೂ ಕೇಳಿಸಿಕೊಂಡು "ಹೌದ್ರಿ ಸರ" ಎಂದಷ್ಟೇ ಹೇಳಿ ಎದ್ದುಹೋದರು. ಆಮೇಲೆ ತಿಳಿಯಿತು, ಅವರು ಖರಾಡಿಯ ಶಾಲೆಯೊಂದರಲ್ಲಿ ಕೆಲಸ ವಿಚಾರಿಸಿ ಬಂದಿದ್ದರು. ಅಲ್ಲಿ ಐದನೆಯ ತರಗತಿಗೆ ಎಲ್ಲ ವಿಷಯ ಕಲಿಸಬೇಕಂತೆ, ಜೊತೆಗೆ ಬಸ್ಸಿನಲ್ಲಿ ಮಕ್ಕಳನ್ನು ಕಾಯಬೇಕಂತೆ. ನಕಾಶೆಯ ಮೇಲೆ ಪಿಎಚ್.ಡಿ. ಮಾಡಿದವರು. ಆ "ಹೌದ್ರಿ" ನನ್ನ ಸ್ಕೂಟರಿನ ಹಿಂದೆ ಖಡಕಿಯವರೆಗೂ ಬಂತು.

ಸಂಜೆ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತು. ಆಕೆ ಚಹಾ ಸೋಸುತ್ತಿದ್ದವಳು ಪಾತ್ರೆ ಕೆಳಗಿಟ್ಟಳು.

"ಅಲ್ರೀ, ಆಕಿ ಬಾಯಿ ಬಿಟ್ಟು ಕೇಳ್ಯಾಳ ಅಂದ್ರ ಆಕಿಗೆ ಎಷ್ಟು ತ್ರಾಸ ಆಗಿರಬೇಕು. ನಿಮ್ಮದೇನು, ಒಂದು ತಾಸು ನಿದ್ದಿ ಹೋಗ್ತದ, ಅಷ್ಟ ಅಲ್ಲಾ?"

ವಿಚಾರ ಮಾಡುತ್ತೇನೆ ಎಂದೆ.

"ಇದರಾಗ ವಿಚಾರ ಮಾಡೂದು ಏನದ?" ಎಂದಳು.

ಥೇಟ್ ಸೀರೆ ಅಂಗಡಿ. ಎರಡು ಎದುರಿಗೆ ಹಿಡಿದಿದ್ದಾರೆ, ಉತ್ತರ ಮಾತ್ರ ಒಂದೇ. ಮರುದಿನ ಮಧ್ಯಾಹ್ನ ಎಂದಿನಂತೆ ಕೌದಿಯ ಮೇಲೆ ಅಡ್ಡಾದೆ. ಫ್ಯಾನು ತಿರುಗುತ್ತಿತ್ತು, ಹೊಟ್ಟೆಯಲ್ಲಿ ಮಜ್ಜಿಗೆ ಇತ್ತು, ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ. ಬಸ್ಸಿನಲ್ಲಿ ಮಕ್ಕಳನ್ನು ಎಣಿಸುತ್ತ ನಿಂತ ಪಾಟೀಲ ಮೇಡಂ ಕಣ್ಣ ಮುಂದೆ ಬರತೊಡಗಿದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಹೇಗೂ ಹೋದ ನಿದ್ದೆಯನ್ನು ಪುಣ್ಯ ಕಟ್ಟಿಕೊಂಡೇ ಕಳೆದುಕೊಳ್ಳೋಣ ಎಂದು ಎದ್ದು ಕಾಲೇಜಿಗೆ ಹೋಗಿ ತರಗತಿಯನ್ನು ಒಂದೂವರೆಗೆ ಬದಲಿಸಿದೆ.

ಮುಂದೆ ನಡೆದದ್ದನ್ನು ನಾನೇ ನಂಬಲಿಲ್ಲ. ಎರಡನೆಯ ಸುತ್ತು ತೆರೆದ ದಿನವೇ ನಕಾಶೆ ಭರ್ತಿಯಾಯಿತು. ಜಾಗ ಸಿಗದವರು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತರು. ಅವರು ನನ್ನನ್ನು ಕರೆಸಿ ಬೆನ್ನು ತಟ್ಟಿ, ಇತರ ವಿಭಾಗದವರಿಗೂ ನಿಮ್ಮ ಗುಟ್ಟು ಹೇಳಿ ಎಂದರು. ನಾನು ಮೊದಲೇ ಸಭೆಯ ಮನುಷ್ಯ. ಮುಂದಿನ ಸಭೆಯಲ್ಲಿ ಎದ್ದುನಿಂತು, ಈಗಿನ ಮಕ್ಕಳಲ್ಲಿ ತಮ್ಮ ನೆಲವನ್ನು ತಿಳಿಯುವ ಹಸಿವಿದೆ, ನಾವು ಬಡಿಸಬೇಕಷ್ಟೇ ಎಂದು ಗಂಭೀರವಾಗಿ ಮಾತನಾಡಿದೆ. ಪಾಟೀಲ ಮೇಡಂ ಅಷ್ಟೂ ಹೊತ್ತು ನೆಲ ನೋಡುತ್ತ ಕೂತಿದ್ದರು. ಅವರ ಹೆಸರು ಟೈಮ್‌ಟೇಬಲ್ಲಿನಲ್ಲಿ ಉಳಿಯಿತು, ಗುರುವಾರದ ಪ್ರಾಯೋಗಿಕ ತರಗತಿಯೂ ಅವರದೇ ಆಯಿತು. ಮಾರನೆಯ ದಿನ ಊರಿನ ಕರದಂಟು ತಂದು ನನ್ನ ಮೇಜಿನ ಮೇಲೆ ಇಟ್ಟರು.

ಮೊದಲ ತರಗತಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನಮ್ಮ ನಕಾಶೆ ಕೋಣೆ ನೆಲಮಹಡಿಯಲ್ಲಿದೆ. ಕಲ್ಲಿನ ದಪ್ಪ ಗೋಡೆ, ಎಂಥ ಬೇಸಿಗೆಯಲ್ಲೂ ತಂಪು. ಪ್ರೊಜೆಕ್ಟರಿಗಾಗಿ ಕಿಟಕಿಗೆಲ್ಲ ಕಪ್ಪು ಪರದೆ. ಪರದೆ ಎಳೆದು, ದೀಪ ಆರಿಸಿ, ಸಮೋನ್ನತಿ ರೇಖೆ ಎಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ ಎಂದು ನಾನು ಶುರು ಮಾಡಿದ್ದಷ್ಟೇ. ನಕಾಶೆಯಲ್ಲಿ ಸಿಂಹಗಡದ ಗುಡ್ಡವನ್ನು ಅರ್ಧ ಏರುವಷ್ಟರಲ್ಲಿ ಮುಂದಿನ ಸಾಲು ಮಲಗಿತ್ತು. ನೆತ್ತಿ ಮುಟ್ಟುವಷ್ಟರಲ್ಲಿ ಇಡೀ ಕೋಣೆ ಮಲಗಿತ್ತು. ನಾನು ಗಟ್ಟಿಯಾಗಿ ಕೆಮ್ಮಿದೆ. ಕಿಟಕಿಯ ಪಕ್ಕದ ಹುಡುಗ ಓಂಕಾರ ಒಂದು ಕಣ್ಣು ತೆರೆದು, ನಡೆಯಲಿ ಸರ್, ನಿಲ್ಲಿಸಬೇಡಿ ಎಂದು ಬಹಳ ಮರ್ಯಾದೆಯಿಂದ ಮರಾಠಿಯಲ್ಲಿ ಹೇಳಿ ಕಣ್ಣು ಮುಚ್ಚಿದ.

ಎರಡು ವಾರ ಇದೇ ನಡೆದ ಮೇಲೆ ಒಂದು ದಿನ ತರಗತಿ ಮುಗಿದಾಗ ಅವನನ್ನು ಹಿಡಿದು ನಿಲ್ಲಿಸಿದೆ. ಅವನು ಏನನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಪ್ರಾಕ್ಟಿಕಲ್, ಸಂಜೆಯಿಂದ ಮಗರಪಟ್ಟಾದ ಆಫೀಸೊಂದರಲ್ಲಿ ಫೋನೆತ್ತುವ ಕೆಲಸ, ನಡುವೆ ಸಿಗುವುದು ಇದೊಂದು ತಾಸು. ಕಾಲೇಜಿನಲ್ಲಿ ಇಷ್ಟು ತಂಪು ಕೋಣೆ ಇನ್ನೊಂದಿಲ್ಲ. ಮತ್ತೆ, ಸರ್, ನಿಮ್ಮ ದನಿ ಬಹಳ ಸಮಾಧಾನದ್ದು ಎಂದು ಸೀನಿಯರುಗಳೆಲ್ಲ ಹೇಳಿದ್ದರು ಎಂದ. ಗುರುವಾರ ಪಾಟೀಲ ಮೇಡಂ ಕೈಗೆ ನಕಾಶೆ ಕೊಟ್ಟು ಹಳೆಯ ಪುಣೆಯ ಪೇಠೆಗಳ ಓಣಿ ಓಣಿ ಸುತ್ತಿಸುತ್ತಾರಂತೆ, ಅಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರಂತೆ, ಅಂಥ ಮಜಾ ಬೇರೆ ಯಾವ ತರಗತಿಯಲ್ಲೂ ಇಲ್ಲವಂತೆ. ಅದಕ್ಕೆ ಬೇಕಾದ ಶಕ್ತಿಯನ್ನು ನನ್ನ ತಾಸಿನಲ್ಲಿ ತುಂಬಿಕೊಳ್ಳುತ್ತಾರಂತೆ. ನನಗೆ ಸಿಟ್ಟು ಬರಬೇಕಿತ್ತು. ಅವನ ಕಣ್ಣ ಕೆಳಗಿನ ಕಪ್ಪು ನೋಡಿ ಬರಲಿಲ್ಲ.

ಈಗ ವಾರಕ್ಕೆ ಎರಡು ಮಧ್ಯಾಹ್ನ ಆ ಕತ್ತಲೆಯಲ್ಲಿ ಎಚ್ಚರವಾಗಿರುವ ಒಂದೇ ಪ್ರಾಣಿ ನಾನು. ರೊಟ್ಟಿ ಡಬ್ಬಿಯಲ್ಲಿ ಬರುತ್ತದೆ, ಮಜ್ಜಿಗೆ ಬಾಟಲಿಯಲ್ಲಿ ಬರುತ್ತದೆ, ಬಾಯಿ ಮುಚ್ಚಿಯೇ ಆಕಳಿಸಲು ಕಲಿತಿದ್ದೇನೆ. ವಿದ್ಯಾರ್ಥಿ ತನಗೆ ನಿಜವಾಗಿ ಬೇಕಾದದ್ದನ್ನು ಆರಿಸಿಕೊಳ್ಳಬೇಕು ಎಂದು ಸಭೆಯಲ್ಲಿ ಹೇಳಿದವನು ನಾನೇ. ಅವರು ಆರಿಸಿಕೊಂಡಿದ್ದಾರೆ. ನಾನು ಇಷ್ಟು ವರ್ಷ ಆರಿಸಿಕೊಂಡು ಬಂದದ್ದನ್ನೇ, ಅದೇ ಹೊತ್ತಿಗೇ ಆರಿಸಿಕೊಂಡಿದ್ದಾರೆ. ಅವರಿಗೆ ಅದಕ್ಕೆ ಎರಡು ಕ್ರೆಡಿಟ್ಟೂ ಸಿಗುತ್ತದೆ. ಮೊನ್ನೆ ಪಾಟೀಲ ಮೇಡಂ ಏನೋ ಕೇಳಲು ಬಾಗಿಲು ತೆರೆದಾಗ, ಮಕ್ಕಳು ಏಳುತ್ತಾರೆ, ಮೆಲ್ಲಗೆ ಎಂದು ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಹಿಂದಿನ ಬೆಂಚಿನಲ್ಲಿ, ಫ್ಯಾನಿನ ನೇರ ಕೆಳಗೆ, ಕಾಲೇಜು ಬದಲಿಸಿದ ಹುಡುಗನೊಬ್ಬನ ಜಾಗ ಈಗ ಖಾಲಿ ಇದೆ. ಪಾಠ ಮಾಡುವವನು ತನ್ನ ಐಚ್ಛಿಕಕ್ಕೆ ತಾನೇ ಸೇರುವಂತಿಲ್ಲ. ನಿಯಮಾವಳಿಯನ್ನು ಎರಡು ಸಲ ಓದಿ ನೋಡಿದ್ದೇನೆ.