ಯಾರ ಹೊಲದ ಮಣ್ಣು?

ಮಳೆ ಬಂದಾಗಲೆಲ್ಲ ತನ್ನ ಹೊಲದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂಬ ಕುತೂಹಲ ಮಹಾಗಾಂವದ ದೌಲಪ್ಪನಿಗೆ ಹುಟ್ಟಿದ್ದೇ ತಪ್ಪಾಯಿತು. ಒಂದು ಸಲ ರಾಡಿ ನೀರಿನ ಬೆನ್ನು ಹತ್ತಿ ನಡೆದ. ಅದು ಅಳಿಯ ಮಾವನ ಮನೆ ಹೊಕ್ಕಷ್ಟು ಸಲೀಸಾಗಿ ಕೆಳಗಿನ ಚಂದಮ್ಮನ ಹೊಲ ಹೊಕ್ಕಿತು. ಆಕೆಯ ತೊಗರಿ ಎದೆಯೆತ್ತರ ಬೆಳೆಯುತ್ತಿತ್ತು. ಇವನದು ಮೊಣಕಾಲು ದಾಟುತ್ತಿರಲಿಲ್ಲ.

ಆ ಬೇಸಿಗೆ ದೌಲಪ್ಪ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿದ. ಮೊದಲ ದೊಡ್ಡ ಮಳೆ ಬಿದ್ದು, ನೆಲ ಆರಿದ ಬೆಳಿಗ್ಗೆ ಹೋಗಿ ನೋಡಿದರೆ ಒಡ್ಡಿನ ಮಗ್ಗುಲಿಗೆ ಹಾಲಿನ ಕೆನೆಯಂತೆ ಮೆತ್ತನೆಯ ಮಣ್ಣು! ಅದರ ನಡುವೆ ಮೇಲಿನ ಹೊಲದ ಮಲ್ಲಣ್ಣ ಬುಟ್ಟಿ ತುಂಬುತ್ತ ನಿಂತಿದ್ದ.

“ಏ ಮಲ್ಲಣ್ಣಾ, ನನ್ನ ಮಣ್ಣು ಯಾಕ ಒಯ್ಯಾಕತ್ತೀ?”

“ನಿಂದು ಹ್ಯಾಂಗ ಆತು ಕಾಕಾ? ನನ್ನ ಹೊಲದಿಂದ ಹರದು ಬಂದದ. ನಿನ್ನ ಒಡ್ಡು ದಾರ್ಯಾಗ ಹಿಡದು ಕೂಡಿಸ್ಯಾದ, ಅಷ್ಟೇ.”

ದೌಲಪ್ಪನಿಗೆ ಸಿಟ್ಟಿನ ಬೆನ್ನಿಗೇ ಯುಕ್ತಿಯೂ ಹೊಳೆಯಿತು. “ಆಯ್ತಪ್ಪ! ಹಂಗಂದ್ರ ಚಂದಮ್ಮಕ್ಕನ ಹೊಲದಾಗಿನ ಮಣ್ಣೆಲ್ಲಾ ನಂದು!”

ತಾನೂ ಒಂದು ಬುಟ್ಟಿ ಹಿಡಿದು ಕೆಳಗೆ ಓಡಿದ. ರಸ್ತೆಯಲ್ಲಿ ಕಲಬುರ್ಗಿ ಬಸ್ಸಿಗೆ ಕಾಯುತ್ತಿದ್ದ ಮಂದಿ, ಏನಾಗುತ್ತದೋ ನೋಡೋಣವೆಂದು ಬಸ್ಸು ಬಿಟ್ಟು ಹಿಂದೆಯೇ ಬಂದರು.

ಚಂದಮ್ಮ ಜಗಳಕ್ಕೆ ನಿಲ್ಲಲಿಲ್ಲ, ನಕ್ಕಳು. “ಒಯ್ಯೋ ತಮ್ಮಾ. ಆದ್ರ ನಿನ್ನ ಮಣ್ಣಿನ ಸಂಗಾಟ ನಿನ್ನ ಕರಿಕೆನೂ ಬಂದು ನನ್ನ ಹೊಲ ತುಂಬ್ಯಾದ. ಮೊದಲ ಅದನ್ನ ಒಯ್ಯಿ.”

ಕರಿಕೆ ಹುಲ್ಲೆಂದರೆ ಒಂದು ಗೆಣ್ಣು ಮಣ್ಣಿಗೆ ಸಿಕ್ಕರೂ ಸಾಕು, ಮತ್ತೆ ಚಿಗುರಿ ಪೈರಿನ ಕುತ್ತಿಗೆ ಹಿಡಿಯುವ ಜಾತಿ.

“ಖರೇ ಮಾತು!” ಎಂದ ಮಂದಿ ಸುಮ್ಮನಿರಲಿಲ್ಲ. ಕರಿಕೆಯನ್ನು ಬೇರುಸಹಿತ ಕಿತ್ತು ದೌಲಪ್ಪನ ಹೊಲಕ್ಕೆ ಹೊತ್ತು ತಂದರು.

“ಹೊಲದಾಗ ಬ್ಯಾಡ್ರೋ!” ದೌಲಪ್ಪ ಬಾಯಿ ಬಡಿದುಕೊಂಡ. ಸರಿ, ಒಡ್ಡಿನ ಮೇಲೆ ಸುರಿದರು. ಗಾಳಿಗೆ ಹಾರಬಾರದೆಂದು ಮೇಲೊಂದಿಷ್ಟು ಮಣ್ಣು ಹಾಕಿ ತುಳಿದೂ ತುಳಿದರು. ಒಣಗಿದ ಮೇಲೆ ಸುಟ್ಟರಾಯಿತೆಂದು ದೌಲಪ್ಪ ಸಮಾಧಾನ ಮಾಡಿಕೊಂಡ.

ಅಷ್ಟರಲ್ಲಿ ರಸ್ತೆಯಲ್ಲಿ ಜೀಪು ನಿಂತಿತು. ಊರ ರೈತರನ್ನೆಲ್ಲ ಬಲ್ಲ, ಮಣ್ಣು ಸಂರಕ್ಷಣೆಯ ಅಧಿಕಾರಿ ಇಮಾಮುದ್ದೀನ್ ಸಾಹೇಬರು ಗದ್ದಲ ಕಂಡು ಇಳಿದು ಬಂದರು. ದೌಲಪ್ಪನಿಗೆ ದೇವರೇ ಬಂದಂತಾಯಿತು.

“ಸಾಹೇಬ್ರ, ನೀವೇ ಹೇಳ್ರಿ. ಈ ಒಡ್ಡಿಗೆ ನಿಂತ ಮಣ್ಣು ನಂದೋ, ಮ್ಯಾಲಿನ ಹೊಲದ ಈ ಮಲ್ಲಣ್ಣಂದೋ?”

“ಮಣ್ಣು ನಿಂತಲ್ಲೇ ಇರ್ಲಿ. ಯಾರೂ ಕೈ ಹಚ್ಚಬ್ಯಾಡ್ರಿ. ಮಲ್ಲಣ್ಣ, ನೀವೂ ನಿಮ್ಮ ಹೊಲದಾಗ ಒಂದು ಒಡ್ಡು ಹಾಕ್ಕೊಳ್ರಿ.”

ಮಲ್ಲಣ್ಣ ಬುಟ್ಟಿ ಬೋರಲು ಹಾಕಿದ. ದೌಲಪ್ಪನ ಎದೆ ಉಬ್ಬಿತು. ಅಷ್ಟರಲ್ಲಿ ಸಾಹೇಬರ ಕಣ್ಣು ಒಡ್ಡಿನ ನೆತ್ತಿಯ ಮೇಲೆ ಬಿತ್ತು.

“ಅರೇ ವ್ಹಾ! ಒಡ್ಡಿನ ಮ್ಯಾಲ ಹುಲ್ಲು ಹಚ್ಚೀರಿ! ಬೇರು ಮಣ್ಣು ಹಿಡೀತದ ಅಂತ ಊರೂರಿಗೆ ಹೇಳಿ ನಮ್ಮ ಗಂಟಲ ಒಣಗ್ಯಾದ. ಊರ ಮಂದಿ ಎಲ್ಲಾ ಕೂಡಿ ಹಚ್ಚೀರೇನು?”

“ಹೌದ್ರೀ ಸಾಹೇಬ್ರ!” ಮಂದಿ ಒಂದೇ ದನಿಯಲ್ಲಿ ಕೂಗಿತು.

“ಶಾಬಾಸ್! ಬರೋ ತಿಂಗಳ ಕಮಲಾಪುರದ ರೈತರನ್ನೆಲ್ಲಾ ಇದನ್ನ ನೋಡಾಕ ಕರ್ಕೊಂಡು ಬರ್ತೀನಿ. ದೌಲಪ್ಪ, ಒಂದು ಎಸಳೂ ಕೀಳಬಾರ್ದು ನೋಡ್ರಿ. ಮಳಿ ತಡಾ ಆದ್ರ ಕೈಲೆ ನೀರು ಹಾಕ್ರಿ.”

ಜೀಪು ಹೋಯಿತು. ದೌಲಪ್ಪ ಕರಿಕೆಯನ್ನೇ ನೋಡುತ್ತ ನಿಂತ. ಚಂದಮ್ಮ ಬಾವಿಯಿಂದ ಕೊಡ ತುಂಬಿ ತಂದು ಅವನ ಕೈಗಿತ್ತಳು.

“ಹಾಕೋ ತಮ್ಮಾ, ಬಾಡಾಕತ್ತದ.”