ಕೊನೆ ಎಣ್ಣೆಯ ಕಾಂಪೌಂಡರು

ಕಾಯಿಲೆಯವರ ಮನೆಗೆ ಹೋದವನು ಮುಖ ಗಂಭೀರವಾಗಿ ಇಟ್ಟುಕೊಂಡಿರಬೇಕು ಎನ್ನುತ್ತಾರೆ. ನಾನೂ ಹಾಗೆಯೇ ಹೋಗುತ್ತಿದ್ದೆ. ಹಾಗೆಯೇ ಹಿಂತಿರುಗಿದ್ದು ಮಾತ್ರ ಅಪರೂಪ.

ಎಪ್ಪತ್ತರ ದಶಕದ ಮಾತು. ದೇವನಹಳ್ಳಿ ಕಡೆ ಒಂದು ಸರ್ಕಾರಿ ಡಿಸ್ಪೆನ್ಸರಿಯಲ್ಲಿ ನಾನು ಕಾಂಪೌಂಡರು. ಆರು ದಿನ ಔಷಧಿ ಕಲಸುವುದು. ಭಾನುವಾರ ಪೂಜೆ ಮುಗಿದ ಮೇಲೆ ಸೈಕಲ್ ಹತ್ತಿ, ಚರ್ಚಿಗೆ ಬರಲಾಗದ ನಮ್ಮವರ ಮನೆಗಳಿಗೆ ಹೋಗಿ ಪ್ರಾರ್ಥನೆ ಹೇಳಿ ಬರುವುದು. ಯಾರೂ ಬಲವಂತ ಮಾಡಿದ್ದಲ್ಲ, ನಾನಾಗಿ ತಲೆಗೆ ಹಾಕಿಕೊಂಡದ್ದು.

ತೊಂದರೆಯೆಲ್ಲ ಎಣ್ಣೆಯದು. ಸಾಯುವ ಹೊತ್ತಿಗೆ ಫಾದರ್ ಬಂದು ಹಣೆಗೂ ಕೈಗೂ ಪವಿತ್ರ ತೈಲ ಹಚ್ಚುವುದು ನಮ್ಮ ಪದ್ಧತಿ. ಜನರ ಬಾಯಲ್ಲಿ ಅದು ‘ಕೊನೆ ಎಣ್ಣೆ’. ಆ ವರ್ಷಗಳಲ್ಲಿ ಹೊಸ ನಿಯಮ ಬಂತು: ಸಾಯುವವರೆಗೆ ಕಾಯಬೇಕಿಲ್ಲ, ಕಾಯಿಲೆ ಜೋರಾದವರಿಗೆಲ್ಲ ಹಚ್ಚಬಹುದು, ವಾಸಿಯಾಗಲಿ ಅಂತ. “ಜನರ ಭಯ ಬಿಡಿಸೋ ಕೆಲಸ ನಿಂದು” ಎಂದು ಫಾದರ್ ನನ್ನ ಕೊರಳಿಗೆ ಕಟ್ಟಿದರು. ವಾರವಿಡೀ ನನ್ನ ಕೈಯಿಂದ ಔಷಧಿ ಇಸಿದುಕೊಳ್ಳುತ್ತಿದ್ದವರೇ ಭಾನುವಾರ ನನ್ನ ಸೈಕಲ್ ಗಂಟೆ ಕೇಳಿದರೆ, ಹಿಂದೆಯೇ ಎಣ್ಣೆ ಬರುತ್ತದೆಂದು ಬಾಗಿಲು ಹಾಕಿಕೊಳ್ಳತೊಡಗಿದರು.

೧. ಉಳುಕಿದ ಕಾಲು

ಒಬ್ಬ ಹುಣಸೆ ಮರದಿಂದ ಜಾರಿ ಕಾಲು ಉಳುಕಿಸಿಕೊಂಡಿದ್ದ. ಪ್ರಾರ್ಥನೆ ಪುಸ್ತಕ ಹಿಡಿದು ಹೋದೆ. ನನ್ನನ್ನು ಕಂಡದ್ದೇ ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು. ಅವನು ಎದ್ದು ಕೂತ.

“ಡಾಕ್ಟ್ರು ನಿಮ್ಮತ್ರ ಏನಂದ್ರು? ಮುಚ್ಚಿಡಬೇಡಿ ಕಾಂಪೌಂಡ್ರೇ.”

“ಏನೂ ಇಲ್ಲಪ್ಪಾ, ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ.”

“ಸುಮ್ನೆ ನೋಡೋಕೆ ನೀವು ಯಾರ ಮನೆಗೆ ಹೋಗಿದ್ದೀರಿ?”

ಸುದ್ದಿ ನನಗಿಂತ ಬೇಗ ಊರು ದಾಟಿತು. ಮರುದಿನ ಬೂದಿಗೆರೆಯಿಂದ ಅವನ ಭಾವಮೈದ ಹೂವಿನ ಹಾರ ಹಿಡಿದು ಬಂದ. ಬಾಗಿಲು ತೆಗೆದದ್ದು ಕಾಲು ಉಳುಕಿದವನೇ. ತಂದ ಹಾರವನ್ನು ವಾಪಸ್ ಒಯ್ಯುವುದು ಸರಿಯಲ್ಲವೆಂದು ಭಾವಮೈದ ಅದನ್ನು ಅವನ ಕೊರಳಿಗೇ ಹಾಕಿದನಂತೆ.

೨. ಕಿವುಡ ತಾತನ ಪಾಪನಿವೇದನೆ

ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಮನೆಗೆ ಪೂಜೆಯ ಪವಿತ್ರ ರೊಟ್ಟಿಯಾದ ಸತ್ಪ್ರಸಾದ ತರುತ್ತಿದ್ದರು. ರಜೆ ಹಾಕಿ ನಾನೂ ಜೊತೆಗೆ ಹೋಗುತ್ತಿದ್ದೆ. ಸತ್ಪ್ರಸಾದಕ್ಕೆ ಮುಂಚೆ ಪಾಪನಿವೇದನೆ. ಅದು ಗುಟ್ಟಾಗಿ ನಡೆಯಬೇಕಾದ್ದರಿಂದ ಉಳಿದವರೆಲ್ಲ ಜಗುಲಿಗೆ. ಆದರೆ ಒಂದು ಮನೆಯ ತಾತನಿಗೆ ಕಿವಿ ಬಲು ಮಂದ. ತನಗೆ ಕೇಳಿಸದ್ದು ಯಾರಿಗೂ ಕೇಳಿಸುವುದಿಲ್ಲ ಎಂದೇ ಅವನ ನಂಬಿಕೆ.

“ಏನು ಪಾಪ ಮಾಡಿದ್ದೀಯಪ್ಪಾ?” ಫಾದರ್ ಕೂಗಿದರು.

“ಸೊಸೆ ಮುದ್ದೇಲಿ ಬರೀ ಗಂಟು ಸ್ವಾಮಿ!”

“ಅದು ಅವಳ ಪಾಪ. ನಿಂದು ಹೇಳು.”

“ಅಕ್ಕಪಕ್ಕದವರ ಹತ್ರ ಚೆನ್ನಾಗೈತೆ ಅಂತ ಸುಳ್ಳು ಹೇಳ್ತೀನಿ!”

ಮಾನ ಉಳಿಸಲೆಂದು ನಾನು ಗಂಟಲು ಹರಿಯುವಂತೆ ಜಪಸರ ಶುರುಮಾಡಿದೆ. ಎಂದೂ ಜಪಕ್ಕೆ ಬಾರದ ಬೀದಿಯ ಹೆಂಗಸರೆಲ್ಲ ಬಂದು ಭಕ್ತಿಯಿಂದ ಕೂತರು. ಎರಡು ನಿಮಿಷ ಕಳೆಯುವಷ್ಟರಲ್ಲಿ ಸೊಸೆಯೇ ನನ್ನ ತೋಳು ಮುಟ್ಟಿದಳು.

“ಅಣ್ಣಾ, ಸ್ವಲ್ಪ ಮೆಲ್ಲಗೆ ಜಪ ಮಾಡಿ. ಮಾವ ಮುಂದಕ್ಕೆ ಏನಂದ್ರು ಅಂತ ಕೇಳಿಸ್ತಿಲ್ಲ.”

೩. ಅಜ್ಜಿಯ ಹಂಚಿಕೆ

ನನ್ನನ್ನು ನಿಜಕ್ಕೂ ಸೋಲಿಸಿದ್ದು ಒಬ್ಬ ಅಜ್ಜಿ. ಉಬ್ಬಸದಿಂದ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಸತ್ಪ್ರಸಾದಕ್ಕಾಗಿ ಜೀವ ಬಿಡುತ್ತಿದ್ದಳು, ಆದರೆ ಫಾದರನ್ನು ಹೊಸ್ತಿಲು ದಾಟಲು ಬಿಡಳು. “ಒಂದು ಜೇಬಲ್ಲಿ ಪ್ರಸಾದ ಇದ್ರೆ ಇನ್ನೊಂದ್ರಲ್ಲಿ ಎಣ್ಣೆ ಇರ್ತದೆ” ಎಂದು ಅಳುತ್ತಿದ್ದಳು. ನೋಡಿ ನನಗೆ ಸಂಕಟವಾಗುತ್ತಿತ್ತು. ದೇವರಿಗೆ ಹತ್ತಿರವಾಗಬೇಕಾದ ವಯಸ್ಸಿನಲ್ಲಿ ಒಂದು ಸೀಸೆ ಎಣ್ಣೆಗೆ ಹೆದರಿ ದೂರ ಕೂತಿದ್ದಳಲ್ಲ!

ತಿಂಗಳುಗಟ್ಟಲೆ ಹೇಳಿದೆ: “ಅಜ್ಜೀ, ಇದು ಸಾಯೋಕಲ್ಲ, ವಾಸಿಯಾಗೋಕೆ.” ಉಬ್ಬಸ ಜೋರಾದ ಒಂದು ವಾರ ಅಂತೂ ಒಪ್ಪಿದಳು. “ಆಗ್ಲಿ. ಆದ್ರೆ ಹಂಚೋದನ್ನ ಹಂಚಿ ಆಮೇಲೆ ಹಚ್ಚಿಸ್ಕೋತೀನಿ. ನಮ್ಮವ್ವನೂ ಹಂಗೇ ಮಾಡಿದ್ದು.”

ಹಾಸಿಗೆಯ ಮೇಲಿಂದಲೇ ಹಂಚಿಕೆ ನಡೆಯಿತು. ಹಿತ್ತಾಳೆ ಹಂಡೆ ಮಗಳಿಗೆ, ಚಿನ್ನದ ವಾಲೆ ಸೊಸೆಗೆ, ಕೆಂಪು ಹುಂಜ ಫಾದರಿಗೆ. ಆಮೇಲೆ ಎಣ್ಣೆ, ಸತ್ಪ್ರಸಾದ. ಅಜ್ಜಿ ಕೈಮುಗಿದು ಅತ್ತಳು. ನನ್ನ ಕಣ್ಣೂ ಒದ್ದೆಯಾಯಿತು.

ಮೂರನೇ ವಾರಕ್ಕೆ ಅಜ್ಜಿ ಎದ್ದು ಕೂತಳು. ಐದನೇ ವಾರ ಹೋದಾಗ ಅಂಗಳದಲ್ಲೇ ಓಡಾಡುತ್ತಿದ್ದಳು.

“ನೀನು ಹೇಳಿದ್ದೇ ನಿಜ ಕಣಪ್ಪಾ. ಅದು ಸಾಯೋ ಎಣ್ಣೆ ಅಲ್ಲ.”

ನಾನು ಗೆದ್ದೆನೆಂದು ಬೀಗಿದೆ.

“ಹಂಗಾದ್ರೆ ನಾನು ಹಂಚಿದ್ದೆಲ್ಲ ವಾಪಸ್ ಕೊಡಿಸು.”

ಮುಂದಿನ ಭಾನುವಾರಗಳು ವಸೂಲಿಗೇ ಹೋದವು. ಹಂಡೆ ಬಂತು. ಹುಂಜ ಆಗಲೇ ಸಾರಾಗಿತ್ತು. ಫಾದರ್ ತಲೆ ತಗ್ಗಿಸಿ ಎರಡು ಕೋಳಿಪಿಳ್ಳೆ ಕೊಟ್ಟು ಕಳಿಸಿದರು. ಪಕ್ಕದ ಮನೆಯಲ್ಲೇ ಇದ್ದ ಸೊಸೆ ಮಾತ್ರ ಸೆರಗಿನಿಂದ ಎರಡೂ ಕಿವಿ ಮುಚ್ಚಿಕೊಂಡು, “ಕೊಟ್ಟಿದ್ದು ಕೊಟ್ಟಂಗೇ” ಎಂದಳು. ಬರಿಗೈಯಲ್ಲಿ ಬಂದು ಹೇಳಿದೆ. ಅಜ್ಜಿ ಸಿಟ್ಟಾಗಲಿಲ್ಲ. ಎಲೆ ಅಡಿಕೆ ಬಾಯಿಗಿಟ್ಟುಕೊಂಡಳು.

“ಪಾಪ, ಅವಳಿಗೂ ನಾಕು ದಿನದಿಂದ ಕೆಮ್ಮು. ಫಾದರ್‌ನ ಕರ್ಕೊಂಡು ಹೋಗಿ ಎಣ್ಣೆ ಹಚ್ಚಿಸ್ಬಿಡಪ್ಪಾ. ಮುಂಚೆ ಅವಳೂ ಹಂಚ್ಬೇಕಲ್ಲ.”